ಮೂರು ಗಾಲಿಯ ಫುಟ್‌ಬಾಲಿಗೆ ನಮ್ಮ ಮಾಮಾ ರೆಫರಿ

ನಮ್ಮ ಮಾಮಾನಿಗೆ ಕರುಳು ಎಂಬ ಅಂಗವೇ ಇಲ್ಲ. ಇದು ನನ್ನ ಮಾತಲ್ಲ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದಿಂದ ರಾಮದುರ್ಗಕ್ಕೆ ಒಮ್ಮೆಯಾದರೂ ಬಸ್ಸಿನಲ್ಲಿ ಹೋದವರನ್ನು ಕೇಳಿ ನೋಡಿ, ಅವರೇ ಹೇಳುತ್ತಾರೆ. ಆ ಬಸ್ಸಿಗೆ ಅವನು ಕಂಡಕ್ಟರ್. ನನಗೆ ಅವ್ವನ ತಮ್ಮ, ಊರಿಗೆಲ್ಲ ಕಂಡಕ್ಟರ್ ಕಾಕಾ. ಬೆಳೆದ ಹುಡುಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಇದಿನ್ನೂ ಹಾಲು ಕುಡಿಯುವ ಕೂಸು, ಇದಕ್ಕೆಂಥ ಟಿಕೆಟ್ ಎನ್ನುವ ತಾಯಂದಿರಿಗೆ, ಕೂಸಿಗೆ ಮೀಸೆ ಚಿಗುರಿದ್ದನ್ನು ಇಡೀ ಬಸ್ಸು ಕೇಳುವಂತೆ ತಿಳಿಸಿಕೊಡುತ್ತಿದ್ದವನು ಇವನೇ.

ಒಮ್ಮೆ ನಮ್ಮ ಆಯಿ, ಅಂದರೆ ಇವನನ್ನು ಹೆತ್ತ ತಾಯಿ, ಕಟಕೋಳದ ತಂಗಿಯ ಮನೆಗೆಂದು ಅದೇ ಬಸ್ಸು ಹತ್ತಿದಳು. ಕಿಟಕಿಯ ಗಾಳಿಗೆ ನಿದ್ದೆ ಬಂತು. ಮಾಮಾ "ಕಟಕೋಳ, ಕಟಕೋಳ" ಎಂದು ಕೂಗಿದ. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು, ಆಯಿ ಗೊರಕೆ ಹೊಡೆದಳು. ಊರು ದಾಟಿ ಜೋಳದ ಹೊಲ ಶುರುವಾದ ಮೇಲೆ ಮಾಮಾ ಅವಳ ಮುಂದೆ ಬಂದು ನಿಂತು, ರಾಮದುರ್ಗದ ತನಕ ಇನ್ನೊಂದು ಟಿಕೆಟ್ ತೆಗೆಸಬೇಕು ಎಂದ. ಆಯಿ ಕಣ್ಣುಜ್ಜಿಕೊಂಡು, ನಾನು ನಿನ್ನ ಅವ್ವ ಇದ್ದೇನೆ ಎಂದು ನೆನಪು ಮಾಡಿಕೊಟ್ಟಳು.

"ಬಸ್ಸಿಗೆ ಅವ್ವ ಅಪ್ಪ ಇರೂದಿಲ್ಲಬೇ," ಎಂದ ಮಾಮಾ. "ಟಿಕೆಟ್ ತಗಿಸು."

ಬಸ್ಸಿನವರೆಲ್ಲ ಛೀ ಥೂ ಎಂದರು. ಆಯಿ ಸೆರಗಿನ ಗಂಟು ಬಿಚ್ಚಿದಳು. ರಾಮದುರ್ಗದಲ್ಲಿ ಇಳಿದ ಮೇಲೆ ಇದೇ ಮಗರಾಯ ಅವಳಿಗೆ ಬಿಸಿ ಮಿರ್ಚಿ ಭಜಿ ಕೊಡಿಸಿ, ಬಾಯಿ ಸುಡದ ಹಾಗೆ ಮುರಿದು ಊದಿ ತಿನ್ನಿಸಿದನಂತೆ. ತಿರುಗಿ ಬರುವಾಗ ಕಟಕೋಳದಲ್ಲಿ ಕೈ ಹಿಡಿದು ಇಳಿಸಿದನಂತೆ. ಆ ತಿರುಗಿ ಬರುವ ದಾರಿಗೂ ಟಿಕೆಟ್ ಹರಿದಿದ್ದ, ಅದು ಬೇರೆ ಮಾತು!

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ದಿನಕ್ಕೆ ಅವನು ನಿವೃತ್ತನಾದ. ಬಸ್ಸು ಅವನನ್ನು ಬಿಟ್ಟಿತು, ಅವನು ಸೀಟಿ ಬಿಡಲಿಲ್ಲ. ಕಂಡಕ್ಟರರ ಸೀಟಿಗೆ ಒಂದು ಭಾಷೆ ಉಂಟು, ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಮಾಮಾ ಊಟಕ್ಕೆ ಕೂತು ಎರಡು ಸಲ ಊದಿದರೆ ಮಾಮಿ ಸಾರು ಬಡಿಸಬೇಕು, ಒಂದು ಸಲ ಊದಿದರೆ ಸಾಕು ಮಾಡಬೇಕು. ಕುಕ್ಕರ್ ಒಂದು ಸೀಟಿ ಹೊಡೆದರೆ ಮಾಮಿ ನಿಂತಲ್ಲೇ ನಿಲ್ಲುತ್ತಾಳೆ, ಎರಡನೆಯದು ಆದ ಮೇಲೆಯೇ ಕಾಲು ಕೀಳುತ್ತಾಳೆ ಎಂದು ನಾವು ಗೇಲಿ ಮಾಡುತ್ತಿದ್ದೆವು. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯ ನಡುವೆ ನಿಂತು, ಹಿಂದೆ ಜಾಗ ಇದೆ, ಹಿಂದೆ ಸರಿಯಿರಿ ಎಂದು ಬೀಗರನ್ನೆಲ್ಲ ಒತ್ತೊತ್ತಾಗಿ ಕೂಡಿಸಿಬಿಡುತ್ತಿದ್ದ. ಅಂಥವನನ್ನು ಯಾರು ತಾನೇ ಮದುವೆಗೆ ಕರೆದಾರು? ಆದರೂ ಕರೆಯುತ್ತಿದ್ದರು, ಜನ ಹೆಚ್ಚಾದರೆ ಇವನೊಬ್ಬ ಬೇಕಾಗುತ್ತಿದ್ದ.

ಇಂಥ ಮಾಮಾನ ಕಾಯದೆ ಒಂದು ಕಡೆ ಮಾತ್ರ ನಡೆಯುತ್ತಿರಲಿಲ್ಲ. ಅದು ಅವನ ಮಗಳು ಶಕ್ಕುವಿನ ಹತ್ತಿರ.

ಶಕ್ಕು ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಎಳವೆಯಲ್ಲಿ ಒಂದು ಜ್ವರ ಬಂದು ಪೋಲಿಯೋ ಆಗಿ ಎರಡೂ ಕಾಲು ಹೋದವು. ಮಾಮಾ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಮಿರಜ್, ಬೆಳಗಾವಿ, ಹುಬ್ಬಳ್ಳಿ ಎಲ್ಲ ತಿರುಗಿದ. ಎಲ್ಲ ಕಡೆಯೂ ಅದೇ ಮಾತು ಕೇಳಿ ಮನೆಗೆ ಬಂದ ಮೇಲೆ ಆ ಮನೆಯಲ್ಲಿ ಶಕ್ಕುವಿಗೆ ಇಲ್ಲ ಎನ್ನುವ ಪದ ಬಂದ್ ಆಯಿತು. ಅವಳು ಚಹಾ ಚೆಲ್ಲಿದರೆ ಕಪ್ಪಿಗೆ ಬೈಗುಳ. ಅವಳು ಪಾಠದಲ್ಲಿ ತಪ್ಪಿದರೆ ಮಾಸ್ತರರದ್ದು ತಪ್ಪು. ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆ ಎಂದು ಅವಳು ಹೇಳಿದ್ದರೆ ಮಾಮಾ, ಇವತ್ತು ಆ ಕಡೆ ರಸ್ತೆ ರಿಪೇರಿ ಇರಬೇಕು, ಸುತ್ತು ಹಾಕಿಕೊಂಡು ಬರುತ್ತಿದ್ದಾನೆ ಎಂದು ಸಮರ್ಥಿಸುತ್ತಿದ್ದ! ಮನೆಯಲ್ಲಿ ಯಾವ ಆಟ ಆಡಿದರೂ ಶಕ್ಕುವೇ ಗೆಲ್ಲಬೇಕು. ನಾನು ಚಿಕ್ಕವಳಿದ್ದಾಗ ಒಮ್ಮೆ ಗೊತ್ತಿಲ್ಲದೆ ಅವಳನ್ನು ಸೋಲಿಸಿ ಮಾಮಾನಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ.

ದೊಡ್ಡವಳಾದ ಮೇಲೆ ಶಕ್ಕು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತ್ ಹಾಕಿಕೊಂಡಳು. ಕೈಯಿಂದ ಪೆಡಲು ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಬರುತ್ತಿದ್ದಳು, ಹೋಗುತ್ತಿದ್ದಳು. ಫೋನ್ ಮಾಡಲು ಬಂದವರು ಅವಳನ್ನು ನೋಡಿ ಲೊಚಗುಟ್ಟದೆ ಹೋಗುತ್ತಿರಲಿಲ್ಲ. ಒಂದು ದಿನ ನನ್ನ ಮುಂದೆ ಹೇಳಿದಳು: "ನನ್ನ ಕಂಡ ಕೂಡ್ಲೇ ಎಲ್ಲಾರೂ ಸೋಲಾಕ ತಯಾರಾಗತಾರ. ಸೋತು ಸೋತು ನನ್ನ ಸಾಕ ಮಾಡ್ಯಾರ."

ಅದೇ ಹೊತ್ತಿಗೆ ಬಂತು ನೋಡಿ ಫುಟ್‌ಬಾಲು.

ಆದದ್ದು ಇಷ್ಟೇ. ಬೆಳಗಾವಿಯಲ್ಲಿ ಈ ಮೂರು ಗಾಲಿಯ ಸೈಕಲ್ಲುಗಳನ್ನು ಹಂಚುವ ಶಿಬಿರ ನಡೆದಿತ್ತು. ಭಾಷಣ ಮಾಡುವವರು ಬರುವುದು ತಡವಾಯಿತು. ಕೂತವರು ಬೇಸತ್ತಾರೆಂದು ಅಲ್ಲಿದ್ದ ಒಬ್ಬ ಡಾಕ್ಟರು ಟೀವಿಗೆ ಒಂದು ಸೀಡಿ ಹಾಕಿದರು. ಯಾವುದೋ ದೇಶದಲ್ಲಿ ಬ್ಯಾಟರಿ ಕುರ್ಚಿಯಲ್ಲಿ ಕೂತವರು ಫುಟ್‌ಬಾಲ್ ಆಡುತ್ತಿದ್ದರು! ಕುರ್ಚಿಯ ಮುಂದೆ ಕಬ್ಬಿಣದ ಅಡ್ಡಪಟ್ಟಿ, ಅದರಿಂದ ಚೆಂಡಿಗೆ ಡಿಚ್ಚಿ. ಒಂದು ಕಡೆ ನಾಲ್ವರು, ಇನ್ನೊಂದು ಕಡೆ ನಾಲ್ವರು. ಕುರ್ಚಿಗೆ ಕುರ್ಚಿ ಢಿಕ್ಕಿ ಹೊಡೆದರೂ ಯಾರೂ ಅಯ್ಯೋ ಎನ್ನುತ್ತಿರಲಿಲ್ಲ. ನಮ್ಮೂರ ಮೌಲಾ ಅದನ್ನು ಬಾಯಿ ತೆರೆದುಕೊಂಡು ನೋಡಿದ. ಮೌಲಾನಿಗೂ ಕಾಲಿಲ್ಲ, ಆದರೆ ಬಜಾರಿನಲ್ಲಿ ವೆಲ್ಡಿಂಗ್ ಅಂಗಡಿ ಇದೆ, ಎತ್ತಿನ ಹಾಗೆ ರಟ್ಟೆ ಇವೆ. ನಮ್ಮ ತಾಲೂಕಿನಲ್ಲಿ ಬ್ಯಾಟರಿ ಕುರ್ಚಿ ಎಲ್ಲಿ ಬರಬೇಕು? ಸೈಕಲ್ಲುಗಳೇ ಸಾಕು ಎಂದು ಅವನು ಅವುಗಳ ಮುಂದೆ ಕಬ್ಬಿಣದ ಪಟ್ಟಿ ಬೆಸೆದು, ಅದಕ್ಕೆ ಹಳೆಯ ಟ್ರ್ಯಾಕ್ಟರ್ ಟ್ಯೂಬು ಸುತ್ತಿದ. ಸಣ್ಣ ಚೆಂಡು ಗಾಲಿಯ ಕೆಳಗೆ ಸಿಕ್ಕಿಕೊಳ್ಳುತ್ತದೆಂದು ಕುಂಬಳಕಾಯಿಗಿಂತ ದೊಡ್ಡದೊಂದು ಚೆಂಡು ತಂದ.

ರವಿವಾರ ಮಾರ್ಕೆಟ್ ಯಾರ್ಡಿನ ಸಿಮೆಂಟು ನೆಲ ಖಾಲಿ ಇರುತ್ತಿತ್ತು. ಅಲ್ಲಿ ಹತ್ತಿಯ ಅಂಡಿಗೆಗಳ, ಅಂದರೆ ಆಳೆತ್ತರದ ಮೂಟೆಗಳ, ನಡುವೆ ಗೋಲು. ಬೈಲಹೊಂಗಲದ ತಂಡದಲ್ಲಿ ಮೌಲಾ ಕ್ಯಾಪ್ಟನ್, ಶಕ್ಕು ಎಲ್ಲರಿಗಿಂತ ಮುಂದೆ. ಹೆಣ್ಣುಮಗಳು ಗಂಡಸರ ನಡುವೆ ಆಡುವುದೇ ಎಂದು ಕೇಳಿದ ಹಿರಿಯರೊಬ್ಬರ ಹೆಬ್ಬೆರಳ ಮೇಲೆ ಅವಳ ಸೈಕಲ್ಲು ಹಾಯಿತು, ಆ ಪ್ರಶ್ನೆ ಮತ್ತೆ ಬರಲಿಲ್ಲ. ಸುದ್ದಿ ಹಬ್ಬಿ ಕಿತ್ತೂರಿನಲ್ಲಿ ಒಂದು ತಂಡ ಹುಟ್ಟಿತು, ಸವದತ್ತಿಯಲ್ಲಿ ಒಂದು, ರಾಮದುರ್ಗದಲ್ಲಿ ಒಂದು. ಕಬ್ಬಿನ ಹಂಗಾಮು ಬಂದರೆ ಕಿತ್ತೂರಿನವರು ಸಿಗುತ್ತಿರಲಿಲ್ಲ, ಅರ್ಧ ತಂಡ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಯ ಮುಂದೆ ಚಹಾ ಮಾರಲು ಕೂತಿರುತ್ತಿತ್ತು. ಸವದತ್ತಿಯವರು ಹುಣ್ಣಿಮೆಗೆ ಸಿಗುತ್ತಿರಲಿಲ್ಲ, ದೇವಿಯ ಗುಡ್ಡದಲ್ಲಿ ತೆಂಗಿನಕಾಯಿ ಮಾರಬೇಕು. ಸಿಕ್ಕಿದ ದಿನ ಮಾತ್ರ ಯುದ್ಧವೇ ನಡೆಯುತ್ತಿತ್ತು.

ಎಲ್ಲ ಸರಿ, ರೆಫರಿ ಯಾರು? ಮೊದಲು ಒಬ್ಬ ಪಿ.ಟಿ. ಮಾಸ್ತರರನ್ನು ಕರೆದರು. ಅವರು ಆಟದ ಉದ್ದಕ್ಕೂ "ಪಾಪ, ಪಾಪ" ಎನ್ನುತ್ತ ಒಂದೂ ಫೌಲ್ ಕೊಡದೆ, ಕೊನೆಗೆ ಎರಡೂ ತಂಡಗಳಿಗೆ ಸಮ ಸಮ ಗೋಲು ಹಂಚಿ, ಎಲ್ಲರಿಗೂ ಬಾಳೆಹಣ್ಣು ಕೊಟ್ಟು, ಕಣ್ಣೊರೆಸಿಕೊಂಡು ಫೋಟೋ ತೆಗೆಸಿಕೊಂಡು ಹೋದರು. ಆಮೇಲೆ ಬಂದವರು ಒಬ್ಬ ಅಡತಿ ಅಂಗಡಿಯ ಸಾಹುಕಾರರು. ಮೊದಲ ಢಿಕ್ಕಿಗೇ ಅವರು ಆಂಬುಲೆನ್ಸ್ ಕರೆಯಲು ಓಡಿದರು. ಮೌಲಾನಿಗೆ ರೇಗಿಹೋಯಿತು. ಕನಿಕರ ಎಂಬುದೇ ಇಲ್ಲದ ಒಬ್ಬ ಮನುಷ್ಯ ಇಡೀ ಊರಿನಲ್ಲಿ ಸಿಗುವುದಿಲ್ಲವೇ ಎಂದು ತಲೆ ಕೆರೆದುಕೊಂಡ. ಊರೆಲ್ಲ ಒಂದೇ ಹೆಸರು ಹೇಳಿತು.

ಶಕ್ಕು ಒಬ್ಬಳೇ ಬೇಡ ಎಂದಳು. ನಮ್ಮಪ್ಪ ನಿಮಗೆಲ್ಲ ಕಲ್ಲು, ನನಗೆ ಬೆಣ್ಣೆ, ಅವನು ಬಂದರೆ ಆಟ ಕೆಡುತ್ತದೆ ಎಂದಳು. ಮೌಲಾ ಕೇಳಲಿಲ್ಲ. ಹೆತ್ತ ತಾಯಿಗೆ ಟಿಕೆಟ್ ಹರಿದವನು ಮಗಳಿಗೆ ಬಿಡುತ್ತಾನೆಯೇ ಎಂದು ಅವನ ವಾದ. ಮಾಮಾ ಮಾತ್ರ ಕರೆದ ಕೂಡಲೇ ಒಪ್ಪಿಕೊಂಡ. ಫುಟ್‌ಬಾಲಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದು ದುಂಡಗಿರುತ್ತದೆ ಎಂಬುದಷ್ಟೇ.

ಆದರೆ ಕಲಿಯಲು ಕೂತ ನೋಡಿ! ಡಾಕ್ಟರರಿಂದ ಆ ಸೀಡಿ ತರಿಸಿಕೊಂಡು ಪಕ್ಕದ ಮನೆಯ ಟೀವಿಯಲ್ಲಿ ಹಗಲೆಲ್ಲ ನೋಡಿದ, ಅವರ ಧಾರಾವಾಹಿಗಳೆಲ್ಲ ತಪ್ಪಿದವು. ಅದರಲ್ಲಿ ಅವನ ಮನಸ್ಸಿಗೆ ಹಿಡಿಸಿದ್ದು ಒಂದು ನಿಯಮ: ಒಂದು ಚೆಂಡಿಗೆ ಇಬ್ಬರು ಗುದ್ದಾಡುತ್ತಿದ್ದರೆ ಮೂರನೆಯವರು ಮೂರು ಗಜ ದೂರ ಇರಬೇಕು, ಹತ್ತಿರ ಬಂದರೆ ಫೌಲ್. ಇಷ್ಟು ವರ್ಷ ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲು ನೋಡಿದವನಿಗೆ ಇದು ವೇದವಾಕ್ಯದ ಹಾಗೆ ಕಂಡಿತು. ಮಾರನೆಯ ದಿನವೇ ನಮ್ಮ ಓಣಿಯ ನಳದಲ್ಲಿ ಜಾರಿಗೆ ತಂದ. ಇಬ್ಬರು ಕೊಡ ಹಿಡಿದು ಜಗಳವಾಡಬಹುದು, ಮೂರನೆಯವಳು ಸುಣ್ಣದ ಗೆರೆಯ ಆಚೆ ನಿಲ್ಲಬೇಕು, ದಾಟಿದರೆ ಸೀಟಿ. ಅಲ್ಲಿಯ ತನಕ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದ ಓಣಿಯ ಹೆಂಗಸರು ಅಂದು ಒಗ್ಗಟ್ಟಾಗಿ ಮಾಮಾನ ಮೈಮೇಲೆ ನೀರು ಸುರಿದರು.

ಹಳದಿ ಕಾರ್ಡು ಕೆಂಪು ಕಾರ್ಡು ಅವನಿಗೆ ಹಿಡಿಸಲಿಲ್ಲ. ಟಿಕೆಟಿಗೆ ತೂತು ಹಾಕುವ ಹಳೆಯ ಪಂಚು ಮನೆಯಲ್ಲಿತ್ತು. ಪ್ರತಿ ಆಟಗಾರನ ಕೊರಳಿಗೂ ಒಂದು ರಟ್ಟು ಕಟ್ಟಿಸಿದ. ದೊಡ್ಡ ತಪ್ಪು ಮಾಡಿದರೆ ರಟ್ಟಿಗೆ ಒಂದು ತೂತು. ಎರಡು ತೂತಾದರೆ ಇಳಿಯಬೇಕು. ನನ್ನ ಕೈಗೊಂದು ಕೆಂಪು ಟವೆಲ್ಲು ಕೊಟ್ಟು ಗೆರೆಯ ಮೇಲೆ ನಿಲ್ಲಿಸಿದ. ಬಿ.ಎಡ್. ಓದುತ್ತಿದ್ದ ನನ್ನ ಮರ್ಯಾದೆ ಅಂದೇ ಹೋಯಿತು.

ಮೊದಲ ಪಂದ್ಯ ಕಿತ್ತೂರಿನವರ ಜೊತೆ. ಮಾಮಾ ಖಾಕಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು ನಡುವೆ ಬಂದು ನಿಂತ. ಎರಡು ಸಲ ಸೀಟಿ ಊದಿ "ರೈಟ್" ಎಂದ. ನಮ್ಮವರು ಬಸ್ಸಿನ ಮಕ್ಕಳು, ಹೊರಟೇ ಬಿಟ್ಟರು. ಕಿತ್ತೂರಿನವರಿಗೆ ಮಾತ್ರ ಯಾರೋ ಶಾಸ್ತ್ರವಾಗಿ ಕಲಿಸಿದ್ದರು: ಒಂದು ಸೀಟಿಗೆ ಆಟ ಶುರು, ಎರಡು ಸೀಟಿ ಅಂದರೆ ಅರ್ಧ ಆಟ ಮುಗಿಯಿತು ಎಂದು. ಅವರು, ಇಷ್ಟು ಬೇಗ ಅರ್ಧ ಆಟ ಆಗಿಹೋಯಿತೇ ಎಂದು ಆಶ್ಚರ್ಯಪಡುತ್ತ ಸೈಕಲ್ಲು ತಿರುಗಿಸಿಕೊಂಡು ನೀರು ಕುಡಿಯಲು ಹೋದರು. ಖಾಲಿ ಗೋಲಿನೊಳಗೆ ಶಕ್ಕು ಚೆಂಡು ತೂರಿಸಿದಳು. ಗಲಾಟೆ ಎದ್ದಿತು. ಮಾಮಾ ನಿಲ್ಲಿಸಲೆಂದು ಒಂದು ಸಲ ಊದಿದ. ನಮ್ಮವರು ನಿಂತರು, ಕಿತ್ತೂರಿನವರು ಆಟ ಶುರುವಾಯಿತೆಂದು ಸೈಕಲ್ಲು ಓಡಿಸಿಕೊಂಡು ಬಂದು ನಿಂತವರ ನಡುವಿನಿಂದ ಚೆಂಡು ಹೊಡೆದುಕೊಂಡು ಹೋಗಿ ಗೋಲು ಮಾಡಿದರು! ಇನ್ನೂ ಜೋರಾಗಿ ನಿಲ್ಲಿಸೋಣವೆಂದು ಮಾಮಾ ಮತ್ತೆ ಮತ್ತೆ ಊದಿದ. ಒಂದು ಸೀಟಿಗೆ ಒಂದು ತಂಡ ನಿಲ್ಲುವುದು, ಎರಡನೆಯದಕ್ಕೆ ಅದು ಹೊರಟು ಇನ್ನೊಂದು ನಿಲ್ಲುವುದು. ನೋಡುತ್ತಿದ್ದ ಹಮಾಲರು ನಕ್ಕು ನಕ್ಕು ಅಂಡಿಗೆಗಳ ಮೇಲಿಂದ ಬಿದ್ದರು.

ಕೊನೆಗೆ ಎಲ್ಲರೂ ಕೂತು ಚಹಾ ಕುಡಿದು ಮಾತಾಡಿದರು. ಕಿತ್ತೂರಿನವರೂ ಹುಟ್ಟಿದಂದಿನಿಂದ ಬಸ್ಸು ಹತ್ತಿದವರೇ ಅಲ್ಲವೇ? ಕಂಡಕ್ಟರ್ ಸೀಟಿಯೇ ಸುಲಭ ಎಂದು ಒಪ್ಪಿದರು. ಅಂದಿನಿಂದ ನಾಲ್ಕೂ ಊರಿನ ಆಟ ಹಾಗೆಯೇ ನಡೆಯಿತು. ಯಾರಾದರೂ ಸೈಕಲ್ಲು ಹಿಂದೆ ತೆಗೆದುಕೊಳ್ಳುವಾಗ ಮಾಮಾ ಆಟ ಬಿಟ್ಟು ಅವರ ಹಿಂದೆ ಹೋಗಿ, ಸೀಟಿನ ಬೆನ್ನಿಗೆ ಪಟಪಟ ಬಡಿದು "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್" ಎನ್ನುತ್ತಿದ್ದ. ಅದೂ ನಿಯಮವೇ ಇರಬೇಕು ಎಂದುಕೊಂಡು ಯಾರೂ ತಕರಾರು ಮಾಡಲಿಲ್ಲ.

ಸೀಟಿಯದೇನೋ ಬಗೆಹರಿಯಿತು, ಶಕ್ಕು ಹೇಳಿದ್ದು ಬಗೆಹರಿಯಲಿಲ್ಲ. ಸವದತ್ತಿಯವರ ಜೊತೆಗಿನ ಆಟದಲ್ಲಿ ಅವರ ಹುಡುಗನೊಬ್ಬನ ಸೈಕಲ್ಲು ಇವಳ ಸೈಕಲ್ಲಿಗೆ ಸೋಕಿತು, ಸೋಕಿತು ಅಷ್ಟೇ. ಮಾಮಾ ಆಟ ನಿಲ್ಲಿಸಿ, ಓಡಿಹೋಗಿ ಮಗಳ ಮೊಣಕೈ ತಡವಿ, ನೀರು ಕುಡಿಸಿ, ಅವಳ ಓಢಣಿ ಗಾಲಿಗೆ ಸಿಗದಂತೆ ಕಟ್ಟಿ, ಆ ಹುಡುಗನ ರಟ್ಟಿಗೆ ಒಂದೇ ಏಟಿಗೆ ಎರಡು ತೂತು ಹಾಕಿ ಇಳಿಸಿಬಿಟ್ಟ. ಸವದತ್ತಿಯವರು ಸಿಟ್ಟಾಗಲೂ ಇಲ್ಲ. ಪಾಪ, ತಂದೆ ಕರುಳು ಎಂದರು. ಶಕ್ಕುವಿನ ಮುಖ ಕಪ್ಪಿಟ್ಟಿತು. ಗೆದ್ದ ಆಟದಿಂದ ಅವಳು ಸೈಕಲ್ಲು ತಿರುಗಿಸಿಕೊಂಡು ನೇರ ಮನೆಗೆ ಹೋದಳು.

ಮೌಲಾ ಮಾಮಾನಿಗೆ ಬಿಡಿಸಿ ಹೇಳಿದ. ಮಾಮಾ ತಲೆಯಾಡಿಸಿದ. ಮುಂದಿನ ರವಿವಾರ ಕಿತ್ತೂರಿಗೆ ಹೋಗಿ ಏನು ಮಾಡಿದ ಅನ್ನುತ್ತೀರಿ? ಶಕ್ಕು ಚೆಂಡಿನ ಹತ್ತಿರ ಹೋದರೆ ಸೀಟಿ, ದೂರ ಹೋದರೆ ಸೀಟಿ. ಒಮ್ಮೆ ಅವಳು ಸೀನಿದ್ದಕ್ಕೂ ಊದಿದ! ಎದುರಾಳಿಗಳಿಗೇ ನಾಚಿಕೆಯಾಗಿ, ಕಾಕಾ, ಇಷ್ಟು ಬೇಡ ಬಿಡಿರಿ ಎಂದರು. ಪಕ್ಷಪಾತ ಮಾಡುವುದಿಲ್ಲ ಎಂದು ತೋರಿಸಲು ಹೋಗಿ ಅವನು ಹಗ್ಗದ ಇನ್ನೊಂದು ತುದಿಗೆ ನೇತುಬಿದ್ದಿದ್ದ.

ಅಷ್ಟರಲ್ಲಿ ರಾಮದುರ್ಗದವರು ಬರುವ ದಿನ ಹತ್ತಿರ ಬಂತು. ಅವರು ನಾಲ್ಕೂ ಊರುಗಳಲ್ಲಿ ಗಟ್ಟಿ ತಂಡ. ಕ್ಯಾಪ್ಟನ್ ಬಸು ಗಡಿಯಾರ ರಿಪೇರಿ ಮಾಡುವವನು, ಮಾತು ಕಡಿಮೆ. ಅವನು ಶಕ್ಕುವಿನ ಬೂತಿಗೆ ಫೋನ್ ಮಾಡಿ ನೇರವಾಗಿ ಹೇಳಿದ. ಅಪ್ಪ ರೆಫರಿ, ಮಗಳು ಆಟಗಾರ್ತಿ, ಇದರ ಸುದ್ದಿ ನಮಗೂ ಬಂದಿದೆ. ಒಂದು ಸಲ ಬಂದು ನೋಡುತ್ತೇವೆ. ಮೋಸ ಕಂಡರೆ ಮತ್ತೆ ನಿಮ್ಮೂರ ಕಡೆ ಮುಖ ಹಾಕುವುದಿಲ್ಲ ಎಂದ. ರಾಮದುರ್ಗ ಬಿಟ್ಟರೆ ಸವದತ್ತಿಯೂ ಬಿಡುತ್ತದೆ, ಯಾಕೆಂದರೆ ಇಬ್ಬರೂ ಸೈಕಲ್ಲು ಹೇರಿಕೊಂಡು ಬರುವುದು ಒಂದೇ ಟ್ರ್ಯಾಕ್ಟರಿನಲ್ಲಿ. ಇನ್ನು ಕಿತ್ತೂರಿನವರು, ಹಂಗಾಮು ಬಂತೆಂದರೆ ಚಹಾದ ಅಂಗಡಿಗೆ. ಅಲ್ಲಿಗೆ ಆಟವೇ ಮುಗಿದ ಹಾಗೆ.

ಬೇರೆ ರೆಫರಿ ನೋಡೋಣ ಎಂದರೆ ಮತ್ತೆ ಬಾಳೆಹಣ್ಣು, ಮತ್ತೆ ಆಂಬುಲೆನ್ಸು. ಹಿಂದಿನ ದಿನ ಸಂಜೆ ಶಕ್ಕು ಅಪ್ಪನ ಮುಂದೆ ಸೈಕಲ್ಲು ತಂದು ನಿಲ್ಲಿಸಿದಳು. ನಾನು ಅಲ್ಲೇ ಕಾಳು ಆರಿಸುತ್ತ ಕೂತಿದ್ದೆ.

"ಅಪ್ಪಾ, ನೀ ನನಗ ಆಸರ ಆಗಬ್ಯಾಡ, ಅಡ್ಡನೂ ಆಗಬ್ಯಾಡ," ಎಂದಳು. "ಮೌಲಾನ್ನ ಹೆಂಗ ನೋಡತಿ, ನನ್ನ ಹಂಗ ನೋಡು. ಊರಾಗ ನನಗ ಪಾಪ ಅನ್ನದ ಜಾಗ ಅದೊಂದ ಐತಿ. ಅದನ್ನ ಕಳೀಬ್ಯಾಡ."

ಆ ಸಂಜೆ ಮಾಮಾ ಊಟಕ್ಕೆ ಕೂತಾಗ ಸೀಟಿ ಊದುವುದನ್ನೇ ಮರೆತ, ಮಾಮಿ ಸಾರು ಹಾಕುತ್ತಲೇ ಹೋದಳು.

ರವಿವಾರ ಮಾರ್ಕೆಟ್ ಯಾರ್ಡು ತುಂಬಿತ್ತು. ಮಾಮಿ ಮೊದಲ ಸಲ ಆಟ ನೋಡಲೆಂದು ಮಜ್ಜಿಗೆಯ ತಂಬಿಗೆ ಹಿಡಿದು ಬಂದು ಅಂಡಿಗೆಯ ಮೇಲೆ ಕೂತಳು. ರಾಮದುರ್ಗದ ಟ್ರ್ಯಾಕ್ಟರು ಬಂತು. ಬಸು ಇಳಿದು ಮಾಮಾನಿಗೆ ನಮಸ್ಕಾರ ಮಾಡಿ ಒಂದೇ ಮಾತು ಹೇಳಿದ: "ಕಾಕಾರ, ಮಗಳ ಸಲುವಾಗಿ ನೀವು ಒಂದ ಸೀಟಿ ನುಂಗಿದ್ರೂ ನಾವು ತಿರುಗಿ ಟ್ರ್ಯಾಕ್ಟರ್ ಹತ್ತತೇವಿ." ಮಾಮಾ, ಬಸ್ಸಿನಲ್ಲಿ ಚಿಲ್ಲರೆ ಕೇಳಿದವರನ್ನು ನೋಡುವ ಹಾಗೆ ಅವನನ್ನು ನೋಡಿ, ಸೀಟಿ ಬಾಯಿಗಿಟ್ಟು ಎರಡು ಸಲ ಊದಿದ.

ಆಟವೆಂದರೆ ಅದು ಆಟ! ಕಬ್ಬಿಣಕ್ಕೆ ಕಬ್ಬಿಣ ಬಡಿದು ಕಿವಿ ಕಿವುಡಾಗುತ್ತಿದ್ದವು. ಒಬ್ಬನ ಸೈಕಲ್ಲು ಮಗುಚಿತು. ಹಮಾಲರು ಎತ್ತಿ ಕೂಡಿಸಿದರು, ಅವನು ಮೂಗು ಒರೆಸಿಕೊಂಡು ಮತ್ತೆ ಹೊರಟ. ಮಾಮಾ ನಡುವೆ ಖಾಕಿ ಅಂಗಿ ಬೆವರಿನಲ್ಲಿ ತೊಯ್ದು ಓಡುತ್ತಿದ್ದ. ಮೌಲಾನಿಗೆ ಒಂದು ತೂತು ಬಿತ್ತು, ಬಸುವಿಗೆ ಒಂದು ಬಿತ್ತು, ಶಕ್ಕು ತಪ್ಪು ಮಾಡಲಿಲ್ಲ, ಅವಳಿಗೆ ತೂತು ಬೀಳಲಿಲ್ಲ. ಎರಡೂ ಕಡೆ ಒಂದೊಂದು ಗೋಲಾಗಿ ಆಟ ಮುಗಿಯುವ ಹೊತ್ತು ಬಂತು.

ಆಗ ಚೆಂಡು ನಮ್ಮ ಗೋಲಿನ ಬಾಯಲ್ಲಿ ಸಿಕ್ಕಿಕೊಂಡಿತು. ಅದರ ಒಂದು ಮಗ್ಗುಲಿಗೆ ಮೌಲಾ, ಇನ್ನೊಂದು ಮಗ್ಗುಲಿಗೆ ಬಸು, ಇಬ್ಬರೂ ಹಲ್ಲು ಕಚ್ಚಿ ಪೆಡಲು ತಿರುಗಿಸುತ್ತಿದ್ದಾರೆ. ಚೆಂಡು ಅಲುಗುತ್ತಿಲ್ಲ. ನಿಯಮದ ಪ್ರಕಾರ ಮೂರನೆಯವರು ದೂರ ಇರಬೇಕು. ಶಕ್ಕು ದೂರವೇ ಇದ್ದಳು. ಬಸುವಿನ ಸೈಕಲ್ಲು ಗೋಲಿನ ಕಡೆ ಜಾರಿದ್ದು ನೋಡಿ ಅವಳಿಗೆ ತಡೆಯಲಾಗಲಿಲ್ಲ. ನುಗ್ಗಿದಳು. ಅವಳ ಗಾಲಿ ಮೌಲಾನ ಗಾಲಿಗೆ ಬಡಿದು ಚೆಂಡು ಹೊರಗೆ ಸಿಡಿಯಿತು. ಸಿಡಿದ ಚೆಂಡು ನಮ್ಮ ಇನ್ನೊಬ್ಬ ಆಟಗಾರನಿಗೆ ಸಿಕ್ಕಿ, ಅವನು ಖಾಲಿ ಅಂಗಳದಲ್ಲಿ ಅದನ್ನು ಹೊಡೆದುಕೊಂಡು ಹೋಗಿ ಆ ಕಡೆ ಗೋಲು ಮಾಡಿಬಿಟ್ಟ! ಹಮಾಲರು ಟೊಪ್ಪಿಗೆ ಹಾರಿಸಿದರು. ಮಾಮಿ ತಂಬಿಗೆ ಪಕ್ಕಕ್ಕಿಟ್ಟು ಚಪ್ಪಾಳೆ ಹೊಡೆದಳು.

ನಾನು ಮಾಮಾನನ್ನು ನೋಡಿದೆ. ಸೀಟಿ ಬಾಯಲ್ಲಿದೆ, ಗಲ್ಲ ಉಬ್ಬಿವೆ, ಸದ್ದು ಬರುತ್ತಿಲ್ಲ. ಕಣ್ಣು ಮಗಳ ಮೇಲಿದೆ. ಶಕ್ಕು ಕೈ ಎತ್ತಿ ನಗುತ್ತಿದ್ದಾಳೆ. ಬಸು ಮಾತ್ರ ಚೆಂಡಿನ ಕಡೆ ನೋಡದೆ ಮಾಮಾನನ್ನೇ ನೋಡುತ್ತಿದ್ದಾನೆ. ಊದು ಮಾಮಾ ಎಂದು ನನ್ನ ಮನಸ್ಸು ಹೇಳಿತು, ಊದಬೇಡ ಎಂದೂ ಹೇಳಿತು.

ಒಂದೇ ಒಂದು ಸೀಟಿ. ಉದ್ದದ್ದು.

ಎಲ್ಲ ಸೈಕಲ್ಲುಗಳೂ ನಿಂತವು. ಮಾಮಾ ಕಾಲೆಳೆಯುತ್ತ ಶಕ್ಕುವಿನ ಹತ್ತಿರ ಹೋಗಿ, ಅವಳ ಕೊರಳ ರಟ್ಟು ಹಿಡಿದು ತೂತು ಹಾಕಿದ. ಗೋಲು ರದ್ದು, ರಾಮದುರ್ಗಕ್ಕೆ ಪೆನಾಲ್ಟಿ ಎಂದು ಸಾರಿದ. ಬಸು ಹೊಡೆದ. ಚೆಂಡು ಒಳಗೆ ಹೋಯಿತು. ನಾವು ಸೋತೆವು.

ಆಮೇಲೆ ನೋಡಬೇಕಿತ್ತು ನೀವು! ಹಮಾಲರೆಲ್ಲ ಮಾಮಾನ ಮೇಲೆ ಏರಿಹೋದರು. ಸ್ವಂತ ಮಗಳಿಗೆ, ಅದೂ ಕಾಲಿಲ್ಲದ ಮಗಳಿಗೆ, ಹೀಗೆ ಮಾಡುವವನು ಮನುಷ್ಯನೇ ಎಂದು ಕೇಳಿದರು. ಮಾಮಿ ಅವನಿಗೆಂದು ತಂದ ಮಜ್ಜಿಗೆಯನ್ನು ರಾಮದುರ್ಗದ ಟ್ರ್ಯಾಕ್ಟರ್ ಡ್ರೈವರನಿಗೆ ಕೊಟ್ಟು ತಿರುಗಿ ನೋಡದೆ ಮನೆಗೆ ಹೋದಳು. ಬಸು ಮಾತ್ರ ಬಂದು ಮಾಮಾನ ಕೈ ಹಿಡಿದ. ಮುಂದಿನ ತಿಂಗಳು ಆಟ ನಮ್ಮೂರಿನಲ್ಲಿ, ರೆಫರಿ ನೀವೇ ಬರಬೇಕು ಎಂದ. ಮಾಮಾನಿಗೆ ಅದು ಕೇಳಿಸಿತೋ ಇಲ್ಲವೋ, ಸೀಟಿ ಜೇಬಿಗೆ ಹಾಕಿಕೊಂಡು ಹೊರಟು ಹೋದ.

ನಾನು ಶಕ್ಕುವಿನ ಸೈಕಲ್ಲು ತಳ್ಳುತ್ತ ಬಂದೆ. ಅರ್ಧ ದಾರಿಗೆ ಬಂದ ಮೇಲೆ ಅವಳು, ಫೌಲ್ ಆಗಿತ್ತಲ್ಲ ಎಂದು ಕೇಳಿದಳು. ಆಗಿತ್ತು ಎಂದೆ.

"ನನಗೂ ಗೊತ್ತೈತಿ," ಎಂದಳು. "ಆದ್ರ ಆಂವ ಊದತಾನಂತ ಅನ್ಕೊಂಡಿದ್ದಿಲ್ಲ."

ಇಷ್ಟು ಹೇಳಿದವಳು ಮನೆಯ ಹೊಸ್ತಿಲು ದಾಟಿದ ಕೂಡಲೇ ಏನು ಮಾಡಿದಳು ಗೊತ್ತೇ? ಅಪ್ಪನ ಮೇಲೆ ಹರಿಹಾಯ್ದಳು. ಅದು ಫೌಲ್ ಅಲ್ಲವೇ ಅಲ್ಲ ಎಂದಳು. ನಿನಗೆ ಕಣ್ಣು ಕಾಣುವುದಿಲ್ಲ, ಬಸು ನಿನಗೆ ಏನು ತಿನ್ನಿಸಿದ್ದಾನೆ, ಖಾಕಿ ಹಾಕಿಕೊಂಡರೆ ರೆಫರಿ ಆಗುತ್ತಾರೇನು ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು. ಬಾಗಿಲಲ್ಲಿ ಆಗಲೇ ನಾಲ್ಕು ಜನ ಸೇರಿದ್ದರು. ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬೆರಗಾಗಿ ನೋಡಿದಳು. ಈಗ ಮಾಮಾ ಕರಗಿ ನೀರಾಗುತ್ತಾನೆ, ತಪ್ಪಾಯಿತು ಮಗಳೇ ಎನ್ನುತ್ತಾನೆ ಎಂದು ನಾವೆಲ್ಲ ಕಾದೆವು.

"ಫೌಲ್ ಅಂದ್ರ ಫೌಲ್," ಎಂದು ಅವನೂ ಒದರಿದ. "ನಿನ್ನ ಗಾಲಿ ಮೌಲಾನ ಗಾಲಿಗೆ ಬಡದದ್ದು ನಾ ನೋಡೇನಿ. ಮತ್ತ ಹಂಗ ಮಾಡು, ಮತ್ತ ಊದತೇನಿ."

ಆ ಮನೆಯಲ್ಲಿ ಅವಳ ಎದುರು ಯಾರಾದರೂ ದನಿ ಎತ್ತಿದ್ದು ಅದೇ ಮೊದಲು. ನಾನು ಅವಳ ಮುಖ ನೋಡಿದೆ. ಕಣ್ಣು ಮಿನುಗುತ್ತಿದ್ದವು, ಮೂಗಿನ ತುದಿ ಕೆಂಪಾಗಿತ್ತು, ಆಟದಲ್ಲಿ ಚೆಂಡಿನ ಮೇಲೆ ನುಗ್ಗುವಾಗ ಇರುತ್ತದಲ್ಲ, ಅದೇ ಮುಖ. ಮತ್ತೆ ಶುರು ಮಾಡಿದಳು. ಅವನೂ ಬಿಡಲಿಲ್ಲ. ನಿನ್ನ ಜೊತೆ ಮಾತೇ ಬೇಡ ಎಂದಳು, ಬೇಡವಾದರೆ ಬಿಡು ಎಂದ. ಪಕ್ಕದ ಮನೆಯವರು ನಡುವೆ ಬಂದು ಬಿಡಿಸಬೇಕಾಯಿತು.

ಮಾಮಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಪಾಪ, ನೊಂದುಕೊಂಡಿದ್ದಾನೆ ಎಂದು ನಾನೂ ಹೋಗಿ ಪಕ್ಕದಲ್ಲಿ ಕೂತೆ. ಬೇಜಾರು ಮಾಡಿಕೊಳ್ಳಬೇಡ ಮಾಮಾ, ನಾಳೆಗೆ ಸರಿಹೋಗುತ್ತಾಳೆ ಎಂದೆ. ಅವನು ನನ್ನ ಕಡೆ ತಿರುಗಿದ. ಖಾಕಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ, ಆದರೆ ಮುಖದ ತುಂಬ ನಗು.

"ಕೇಳಿದೇನ?" ಎಂದ. "ಎಷ್ಟ ಚಂದ ಬೈತಾಳ ನನ್ನ ಮಗಳು. ಇಷ್ಟು ವರ್ಷ ಅಕಿಗೆ ಸಿಟ್ಟ ಮಾಡಾಕ ನಾ ಒಂದ ಕಾರಣಾನೂ ಕೊಟ್ಟಿದ್ದಿಲ್ಲ ನೋಡು."

ನನಗೂ ಅಳು ಬಂತು. ಕರುಳೇ ಇಲ್ಲ ಎನ್ನಿಸಿಕೊಂಡ ಆ ಮುದುಕನ ಕೈ ಹಿಡಿದುಕೊಂಡು ಏನೋ ಹೇಳಲು ಹೋದೆ. ಅವನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿ ಬಾಗಿಲ ಕಡೆ ಕಿವಿಗೊಟ್ಟ. ಒಳಗೆ ಶಕ್ಕು ಇನ್ನೂ ಬೈಯುತ್ತಿದ್ದಳು.